ಅವ್ವನ ಹೂಂ

ಹಗರಿಬೊಮ್ಮನಹಳ್ಳಿ ಹತ್ತಿರದ ಗಾರ್ಮೆಂಟ್ಸ್ ಕಾರ್ಖಾನೆಯೊಂದರಲ್ಲಿ ಹೊಲಿಗೆಯವರಿಗೆ ಬೆಂಕಿ ಸುರಕ್ಷತೆಯ ತರಬೇತಿ ಕೊಡುವ ಕೆಲಸ ನನಗೆ ಸಿಕ್ಕಿತ್ತು. ಮೊದಲ ತರಗತಿಗೆ ಬೆಂಗಳೂರಿನ ಮ್ಯಾನೇಜರು ಬಂದು ಕೂರುವವರಿದ್ದರು. ಅವರು ಒಪ್ಪಿದರೆ ಕೆಲಸ ಕಾಯಂ; ಇಲ್ಲದಿದ್ದರೆ ಮತ್ತೆ ತಂಬ್ರಹಳ್ಳಿಯ ಮನೆಯ ಕಟ್ಟೆಯೇ ಗತಿ.

ನಾನೇನು ಸುಮ್ಮನೆ ಕೂತವನಲ್ಲ. ವಾರವಿಡೀ ಅವ್ವನನ್ನು ಎದುರಿಗೆ ಕೂರಿಸಿಕೊಂಡು ಭಾಷಣ ಉರು ಹೊಡೆದೆ. ಅವ್ವ ಶೇಂಗಾ ಸುಲಿಯುತ್ತ ಮಾತಿಗೊಂದು "ಹೂಂ" ಅನ್ನುತ್ತಿದ್ದಳು. ನಮ್ಮ ಕಡೆ ಒಬ್ಬರು ಹೇಳುವಾಗ ಇನ್ನೊಬ್ಬರು ಹೂಂಗುಟ್ಟದಿದ್ದರೆ ಮರ್ಯಾದೆಯಲ್ಲ. ಒಂದೊಂದು ಹೂಂಗೂ ನನ್ನ ಎದೆ ಉಬ್ಬುತ್ತಿತ್ತು. ಬೆಂಕಿ ಆರಿಸುವ ಸಿಲಿಂಡರನ್ನು ನಾನು ಒಮ್ಮೆಯೂ ಮುಟ್ಟಿರಲಿಲ್ಲ ಎಂಬುದು ನೆನಪಿಗೇ ಬರಲಿಲ್ಲ.

ತರಗತಿಯಲ್ಲಿ ಮೊದಲ ಮಾತು ಹೇಳಿ ನಿಂತೆ. ಹೂಂ ಬರಲಿಲ್ಲ. ಹೆಂಗಸರೆಲ್ಲ ಶಾಲೆಯ ಮಕ್ಕಳಂತೆ ಕೈಕಟ್ಟಿ ನನ್ನ ಮುಖವನ್ನೇ ನೋಡುತ್ತಿದ್ದರು. ಹೂಂ ಇಲ್ಲದೆ ಎರಡನೆಯ ಮಾತು ಬಾಯಿಗೆ ಬರಲೊಲ್ಲದು. ಹಿಂದಿನ ಕುರ್ಚಿಯಲ್ಲಿ ಮ್ಯಾನೇಜರು ಗಡಿಯಾರ ನೋಡಿಕೊಂಡರು.

ಮುಂದೆ ಕೂತಿದ್ದ ಹಿರಿಯಳೊಬ್ಬಳಿಗೆ ಕನಿಕರ ಹುಟ್ಟಿತು. "ಹೂಂ, ಮುಂದ ಹೇಳ್ರಿ ಸರ" ಅಂದಳು.

ಅಷ್ಟೇ ಸಾಕಾಯಿತು. ಎರಡನೆಯದು ಬಂತು, ಮೂರನೆಯದೂ ಬಂತು. ಪಕ್ಕದವಳು ಹೂಂ ಅಂದಳು, ಆಮೇಲೆ ಇಡೀ ಹಾಲ್ ಹೂಂ ಅಂದಿತು. ನಾನು ಬೀಗಿದ್ದೇ ಬೀಗಿದ್ದು.

ಕೊನೆಗೆ ಮ್ಯಾನೇಜರು ಎದ್ದು ನಿಂತು, "ಎಲ್ಲರಿಗೂ ಅರ್ಥ ಆಯ್ತಾ?" ಎಂದು ಕೇಳಿದರು.

"ಹೂಂ."

"ಹಾಗಾದ್ರೆ, ಬೆಂಕಿ ಹತ್ತಿಕೊಂಡ್ರೆ ಮೊದಲು ಏನು ಮಾಡ್ತೀರಿ?"

"ಹೂಂ."

ಭೂಮಿ ಬಾಯಿ ಬಿಡಬಾರದೇ ಅನಿಸಿತು. ಮ್ಯಾನೇಜರು ನಗು ತಡೆದುಕೊಂಡು, "ಮುಂದಿನ ವಾರ ಇನ್ನೊಂದು ಸಲ ನೋಡೋಣ" ಎಂದು ಹೊರಟುಹೋದರು.

ಮನೆಗೆ ಬಂದವನೇ ಸಿಟ್ಟೆಲ್ಲ ಅವ್ವನ ಮೇಲೆ ಕಾರಿದೆ. "ನೀ ಎಲ್ಲದಕ್ಕೂ ಹೂಂ ಅಂದಿದ್ದಕ್ಕ ಹಿಂಗಾತು. ಹೋಗ್ಲಿ, ಈಗ ಹೇಳು, ಮನಿಗೆ ಬೆಂಕಿ ಹತ್ತಿದ್ರ ಮೊದ್ಲು ಏನ್ ಮಾಡ್ತಿ?"

ಅವ್ವ ಶೇಂಗಾದ ಮೊರ ಕೆಳಗಿಟ್ಟಳು. "ನಿನ್ನ ಕರೀತೀನಿ. ನೀ ಎಲ್ಲಾ ಕಲ್ತೀಯಲ್ಲ."

ಮರುದಿನ ಎಲ್ಲರಿಗಿಂತ ಮೊದಲೇ ಕಾರ್ಖಾನೆಗೆ ಹೋಗಿ, ಗೋಡೆಯ ಮೇಲಿನ ಕೆಂಪು ಸಿಲಿಂಡರನ್ನು ಎರಡೂ ಕೈಯಲ್ಲಿ ಕೆಳಗಿಳಿಸಿದೆ. ಅದು ಅಷ್ಟು ಭಾರ ಇರುತ್ತದೆಂದು ನನ್ನ ಭಾಷಣದಲ್ಲಿ ಎಲ್ಲೂ ಇರಲಿಲ್ಲ.