ಕಂಬಳಿ ಹೊದ್ದು ಬಂದ ಕಿಣ್ವ

ಇವತ್ತು ಬೆಳಿಗ್ಗೆ ಟ್ರಂಕಿನಿಂದ ಹಳೆಯ ಕರಿ ಕಂಬಳಿ ತೆಗೆದು ಬಿಸಿಲಿಗೆ ಹಾಕಿದೆ. ಹಾಕಿದ್ದೇ ತಡ, ಇಡೀ ಮಹಡಿಗೆ ಕುರಿಯ ವಾಸನೆ ಹಬ್ಬಿತು. ಎದುರು ಮನೆಯವರು ಕಿಟಕಿ ಮುಚ್ಚಿಕೊಂಡರು. ನಾನು ಮಾತ್ರ ಅದರೊಳಗೆ ಮುಖವಿಟ್ಟು ಉಸಿರೆಳೆದುಕೊಂಡೆ. ನಿಮಗೆ ಈ ವಾಸನೆ ಹಿಡಿಸದೆ ಹೋಗಬಹುದು, ಅದಕ್ಕೆ ನನ್ನ ತಕರಾರಿಲ್ಲ. ನಾರಾಯಣಖೇಡದ ಕಡೆ ಕುರಿ ಸಾಕುವವರ ಮನೆಯಲ್ಲಿ ಹುಟ್ಟಿದವಳಿಗೆ ಅದು ತವರಿನ ವಾಸನೆ.

ಕಂಬಳಿ ನೆನಪಾಗುವುದಕ್ಕೆ ಕಾರಣ ನಮ್ಮ ಡಾಕ್ಟರು. ನಿನ್ನೆ ನನ್ನ ಬೀಪಿ ನೋಡಿ ಒಂದು ಗುಳಿಗೆ ಬರೆದುಕೊಟ್ಟು, "ಹೃದಯಕ್ಕೂ ಒಳ್ಳೆಯದು, ಕಿಡ್ನಿಯನ್ನೂ ಕಾಪಾಡುತ್ತೆ, ಹೆದರಬೇಡಿ" ಎಂದರು. ಚೀಟಿ ಓದಿ ನಾನು ಜೋರಾಗಿ ನಕ್ಕುಬಿಟ್ಟೆ. ಪಾಪ, ಒತ್ತಡ ತಲೆಗೇರಿತೋ ಏನೋ ಎಂದು ಅವರು ಮತ್ತೊಮ್ಮೆ ತೋಳಿಗೆ ಪಟ್ಟಿ ಸುತ್ತಿ ನೋಡಿದರು. ಎಂಬತ್ತರ ದಶಕದಲ್ಲಿ ಇದೇ ಜಾತಿಯ ಗುಳಿಗೆಯೊಂದನ್ನು ಕಂಡುಹಿಡಿದೇ ತೀರುತ್ತೇನೆಂದು ಹೊರಟ ಮಹಾನುಭಾವೆ ನಾನೇ ಎಂದು ಅವರಿಗೆ ಹೇಗೆ ಹೇಳಲಿ?

ಆಗ ನಾನು ಹೈದರಾಬಾದಿನ ಒಂದು ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದೆ. ನಮ್ಮ ಮೈಯಲ್ಲಿ ಒಂದು ಕಿಣ್ವವಿದೆ. ಪುಪ್ಪುಸದಲ್ಲಿ, ಅಂದರೆ ಶ್ವಾಸಕೋಶದಲ್ಲಿ, ಅದರ ಕಾರುಬಾರು ಹೆಚ್ಚು. ರಕ್ತನಾಳಗಳನ್ನು ಬಿಗಿಯುವ ವಸ್ತುವನ್ನು ತಯಾರಿಸುವುದು ಅದರ ಕಸುಬು. ಈ ಕಿಣ್ವವನ್ನು ತಡೆದರೆ ನಾಳ ಸಡಿಲವಾಗುತ್ತದೆ, ಒತ್ತಡ ಇಳಿಯುತ್ತದೆ, ಹೃದಯ ಮತ್ತು ಮೂತ್ರಪಿಂಡಗಳ ಮೇಲಿನ ಭಾರ ಕಡಿಮೆಯಾಗುತ್ತದೆ. ಹಾಗೆ ತಡೆಯುವಂಥ ಹನ್ನೊಂದು ಪುಡಿಗಳನ್ನು ನಾನು ಹನ್ನೊಂದು ಸಣ್ಣ ಬಾಟಲಿಗಳಲ್ಲಿ ತಯಾರಿಸಿಟ್ಟುಕೊಂಡಿದ್ದೆ. ಒಂದೊಂದಕ್ಕೂ ಚೀಟಿ ಅಂಟಿಸಿ, ಮಕ್ಕಳಿಗೆ ತಲೆ ಬಾಚಿದಷ್ಟು ಮುತುವರ್ಜಿಯಿಂದ ದಿನಾ ಒರೆಸುತ್ತಿದ್ದೆ.

ಪುಡಿಯೇನೋ ಇತ್ತು. ಪರೀಕ್ಷೆ ಮಾಡಲು ಕಿಣ್ವವೇ ಸಿಗುತ್ತಿರಲಿಲ್ಲ. ಅದನ್ನು ಕುರಿಯ ಪುಪ್ಪುಸದಿಂದ ತೆಗೆಯಬೇಕು. ಪೇಟೆಯ ಅಂಗಡಿಯಿಂದ ತಂದದ್ದು ಮುಂಜಾನೆಯಿಂದ ಕೊಕ್ಕೆಗೆ ನೇತುಬಿದ್ದು ಬಿಸಿಲು ಕುಡಿದಿರುತ್ತಿತ್ತು. ಅರೆದರೂ, ಸೋಸಿದರೂ, ಬೆಳಕು ಅಳೆಯುವ ಯಂತ್ರದ ಮುಳ್ಳು ಸೋಮಾರಿ ಅಳಿಯನ ಹಾಗೆ ಇದ್ದಲ್ಲೇ ಇರುತ್ತಿತ್ತು. ನಾಲ್ಕು ತಿಂಗಳು ಹೀಗೇ ಕಳೆಯಿತು. ಕೊನೆಗೆ ಪ್ರೊಫೆಸರರು ಕರೆದು, "ಯುಗಾದಿಯೊಳಗೆ ಜೀವ ಇರೋ ಕಿಣ್ವ ತೋರಿಸಮ್ಮ. ಆಗದಿದ್ರೆ ಬೇರೆ ವಿಷಯ ತಗೋ" ಎಂದರು. ಬೇರೆ ವಿಷಯವೆಂದರೆ ಎರಡು ವರ್ಷದ ಕೆಲಸ, ಹನ್ನೊಂದು ಬಾಟಲಿಗಳು, ಎಲ್ಲ ತಿಪ್ಪೆಗೆ. ಆ ಸಂಜೆ ಹಾಸ್ಟೆಲಿನ ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ನಲ್ಲಿಯಲ್ಲಿ ನೀರು ಬರದಿದ್ದರಿಂದ ಅತ್ತದ್ದು ಎಲ್ಲರಿಗೂ ಕೇಳಿಸಿತಂತೆ.

ಆಗ ನೆನಪಾದವನು ಕಾಕಾ, ನಮ್ಮಪ್ಪನ ತಮ್ಮ. ನ್ಯಾಲ್ಕಲ್ ಕಡೆಯ ಹಳ್ಳಿಯಲ್ಲಿ ಅವನದು ದೊಡ್ಡ ಹಿಂಡು. ಜಹೀರಾಬಾದಿನ ಸಂತೆಗೆ ಕುರಿ ಹೊಡೆದುಕೊಂಡು ಹೋಗುವವನು, ಕೊಯ್ಯುವವರೆಲ್ಲ ಅವನಿಗೆ ದೋಸ್ತರು. ಪುಪ್ಪುಸಕ್ಕೆ ನಮ್ಮ ಕಡೆ ಫೇಪ್ಸಾ ಎನ್ನುತ್ತಾರೆ. "ಎರಡು ಫೇಪ್ಸಾ ಬೇಕು ಕಾಕಾ, ಕೆಡದಂತೆ ತಗೊಂಡು ಬಾ" ಎಂದು ಒಂದು ಕಾರ್ಡು ಬರೆದೆ. ಅಷ್ಟು ಓದಿದವಳು ಅಷ್ಟೇ ಬರೆದೆ, ನೋಡಿ.

ಹತ್ತನೇ ದಿನ ಕಾಕಾ ಪ್ರಯೋಗಾಲಯದ ಬಾಗಿಲಲ್ಲಿ ಪ್ರತ್ಯಕ್ಷನಾದ. ತಲೆಗೆ ರುಮಾಲು, ಕೈಯಲ್ಲಿ ನಾಲ್ಕು ಅಂತಸ್ತಿನ ಟಿಫಿನ್ ಡಬ್ಬಿ. ತಾಂಡೂರಿನ ಕಲ್ಲು ಹಾಸಿದ ನಮ್ಮ ಕಟ್ಟೆಯ ಮೇಲೆ ಅದನ್ನಿಟ್ಟು, ಕಲ್ಲನ್ನೊಮ್ಮೆ ಅಂಗೈಯಿಂದ ಸವರಿ ಮೆಚ್ಚಿಕೊಂಡ.

"ನಿನ್ನ ಕಾಕಿ ಮುಂಜಾನಿ ಕೋಳಿ ಕೂಗೂದಕ್ಕ ಎದ್ದು ತಯಾರ ಮಾಡ್ಯಾಳ. ಎರಡ ದಿನ ಇಟ್ರೂ ಏನೂ ಆಗಂಗಿಲ್ಲ ಅಂದಾಳ."

ಮುಚ್ಚಳ ತೆಗೆದೆ. ಹಳದಿ ಬಣ್ಣ, ಅರಿಶಿಣದ ಘಮ. ಕಾಕಿ ಫೇಪ್ಸಾವನ್ನು ಹೋಳು ಮಾಡಿ, ಉಪ್ಪು ಅರಿಶಿಣ ಸವರಿ, ಚೆನ್ನಾಗಿ ಒಂದು ಕುದಿ ಕುದಿಸಿ ಕಳಿಸಿದ್ದಳು. ಕೆಡದಂತೆ ಎಂದವಳು ನಾನೇ ಅಲ್ಲವೇ? ದೂರದ ಊರಿಗೆ ಹೋಗುವ ಮಾಂಸ ಕೆಡದ ಹಾಗೆ ನೋಡಿಕೊಳ್ಳುವುದು ಹೇಗೆಂದು ನಮ್ಮ ಮನೆಗಳಲ್ಲಿ ಹತ್ತು ವರ್ಷದ ಹುಡುಗಿಗೂ ಗೊತ್ತು. ಕುದಿಸಿದರೆ ಕಿಣ್ವ ಸಾಯುತ್ತದೆ ಎನ್ನುವುದು ಗೊತ್ತಿದ್ದವಳು ಅದನ್ನು ಕಾರ್ಡಿನಲ್ಲಿ ಬರೆಯಲಿಲ್ಲ.

ನಮ್ಮ ಅಟೆಂಡರ್ ಮೂಗರಳಿಸಿ, "ಲಿಂಬೆಹಣ್ಣು ತರ್ಲೇನ್ರಿ ಮೇಡಂ?" ಎಂದ.

ಕಾಕಾ ಮಾತ್ರ ತಂಗಿಯ ಮದುವೆಗೆ ನಿಂತವನ ಹಾಗೆ ಕೈಕಟ್ಟಿ ನಿಂತಿದ್ದ. ಅಣ್ಣನ ಮಗಳು ಈಗೇನೋ ದೊಡ್ಡದು ಮಾಡುತ್ತಾಳೆ ಎಂಬ ಹುಮ್ಮಸ್ಸು ಮುಖದ ತುಂಬ. ಅದನ್ನು ಕಂಡು ಇಲ್ಲ ಎನ್ನಲಾಗಲಿಲ್ಲ. ಅರೆದೆ, ಸೋಸಿದೆ, ಯಂತ್ರದಲ್ಲಿಟ್ಟೆ. ಮುಳ್ಳು ಅಲುಗಲಿಲ್ಲ. "ಹೆಂಗಾತವ್ವ?" ಎಂದ. "ಛಲೋ ಆತು ಕಾಕಾ" ಎಂದೆ. ಉಳಿದದ್ದನ್ನು ಅಟೆಂಡರ್ ಮನೆಗೆ ಒಯ್ದ. ರುಚಿಯಾಗಿತ್ತಂತೆ.

ಬಸ್ ನಿಲ್ದಾಣಕ್ಕೆ ಕಳಿಸಲು ಹೋದಾಗ ತಡೆಯಲಾರದೆ ನಿಜ ಹೇಳಿದೆ. ಹಸಿಯದೇ ಬೇಕಿತ್ತು, ಕೊಯ್ದ ಕೂಡಲೇ ಮಂಜುಗಡ್ಡೆಯಲ್ಲಿಡಬೇಕಿತ್ತು, ಇನ್ನೊಂದು ಸಲ ಆಗದಿದ್ದರೆ ನನ್ನ ಕೆಲಸ ಮುಗಿಯಿತು ಎಂದೆ. ಆ ಕಿಣ್ವವನ್ನು ಹಿಡಿದು ಏನು ಮಾಡುತ್ತೇನೆಂದು ಕೇಳಿದ. ಹೇಳಿದೆ. ಸ್ವಲ್ಪ ಯೋಚಿಸಿ, "ಅಂದ್ರ ಎತ್ತಿನ ಬಾಯಿಗಿ ಕುಕ್ಕಿ ಕಟ್ಟಿದಂಗ. ಎತ್ತು ಇರ್ತದ, ಆದ್ರ ಪೈರಿಗಿ ಬಾಯಿ ಹಾಕಂಗಿಲ್ಲ" ಎಂದ. ನನ್ನ ಮಹಾಪ್ರಬಂಧದ ಮೊದಲ ಅಧ್ಯಾಯ ಮೂವತ್ತು ಪುಟದಲ್ಲಿ ಹೇಳಿದ್ದು ಇಷ್ಟೇ. ಆಮೇಲೆ ಅವನಿಗೆ ಅರಿಶಿಣ ನೆನಪಾಗಿ ನಗು ಶುರುವಾಯಿತು. ರುಮಾಲು ಬಿಚ್ಚಿ ಕಣ್ಣೊರೆಸಿಕೊಂಡು, "ನಿನ್ನ ಕಾಕಿಗಿ ಇದು ಗೊತ್ತಾಗಬಾರದು ನೋಡು. ಊರಿಗೆಲ್ಲ ಹೇಳಿಕೊಂಡು ಬಂದಾಳ, ಪಾಪ" ಎಂದ. ನಾನೂ ಆಣೆ ಮಾಡಿದೆ.

ಮುಂದಿನ ವಾರ ಮತ್ತೆ ಬಂದ. ಈ ಸಲ ಹೆಗಲ ಮೇಲೆ ಒಂದು ಗಂಟು. ಹೊರಗೆ ಕರಿ ಕಂಬಳಿ, ಅದೂ ಹೊಸದು, ಮೂಲೆಯಲ್ಲಿ ಕೆಂಪು ದಾರದ ಹೊಲಿಗೆ. ಕಂಬಳಿ ಬಿಚ್ಚಿದರೆ ಹಾಲಿನ ಕ್ಯಾನು, ಕ್ಯಾನಿನೊಳಗೆ ಜಹೀರಾಬಾದಿನ ಮಂಜುಗಡ್ಡೆ, ನಮ್ಮ ಕಡೆಯ ಬರ್ಫು, ಬರ್ಫಿನ ನಡುವೆ ಡಬ್ಬಿಯಲ್ಲಿ ಎರಡು ಫೇಪ್ಸಾ, ಗುಲಾಬಿ ಬಣ್ಣದವು. ಅರ್ಧ ದಿನದ ದಾರಿ, ಕೊಹೀರಿನ ಹತ್ತಿರ ಬಸ್ಸು ಪಂಕ್ಚರ್ ಬೇರೆ. ಆದರೂ ಬರ್ಫು ಅರ್ಧಕ್ಕರ್ಧ ಹಾಗೇ ಇತ್ತು. ಚಳಿಯನ್ನು ಒಳಗೆ ಬಿಡದ ಕಂಬಳಿ ಬಿಸಿಲನ್ನೂ ಒಳಗೆ ಬಿಡುವುದಿಲ್ಲ ಎನ್ನುವುದು ನನ್ನ ಯಾವ ಪುಸ್ತಕದಲ್ಲೂ ಇರಲಿಲ್ಲ.

"ಕಂಡಕ್ಟರ್ ಇಳಿಸ್ತೀನಿ ಅಂದ," ಎಂದು ಕಾಕಾ ಕಥೆ ಹೇಳಿದ. "ನಮ್ಮ ಹುಡುಗಿ ಬೀಪಿಗಿ ಗುಳಿಗಿ ಮಾಡ್ಲತ್ತಾಳ, ಇದರಾಗ ಅದರ ಬೀಜ ಅದ ಅಂದೆ. ನಂಗೂ ಬೀಪಿ ಅದರಿ ಅಂತ ತನ್ನ ಸೀಟೇ ಬಿಟ್ಟುಕೊಟ್ಟ!" ಆಮೇಲೆ ಎಷ್ಟೋ ವರ್ಷ ಆ ಕಂಡಕ್ಟರ್ ನಮ್ಮವರು ಯಾರು ಬಸ್ ಹತ್ತಿದರೂ, "ಗುಳಿಗಿ ತಯಾರಾತೇನ್ರಿ?" ಎಂದು ಕೇಳುತ್ತಿದ್ದನಂತೆ.

ಅವತ್ತು ಮುಳ್ಳು ಎದ್ದಿತು. ಮೊದಲು ಕೊಂಚ ನಡುಗಿ, ನಂತರ ಸರಸರನೆ ಮೇಲೇರಿತು. ನಾನು ಕಿರುಚಿದೆ. ಪ್ರೊಫೆಸರರು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಓಡಿ ಬಂದರು. ಕಾಕಾ ಯಂತ್ರಕ್ಕೆ ಕೈಮುಗಿದ. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಲಿಲ್ಲ. ನಮ್ಮ ಯಜಮಾನರು ಇದನ್ನು ಓದುವುದಿಲ್ಲವಾದ್ದರಿಂದ ಧೈರ್ಯವಾಗಿ ಬರೆಯುತ್ತಿದ್ದೇನೆ.

ಇನ್ನು ಹನ್ನೊಂದು ಪುಡಿಗಳ ಗತಿ ಕೇಳಿ. ಹತ್ತು ಪುಡಿಗಳನ್ನು ಕಿಣ್ವ ಕಣ್ಣೆತ್ತಿಯೂ ನೋಡಲಿಲ್ಲ. ಏಳನೆಯದು ಗಾಜಿನ ಕೊಳವೆಯಲ್ಲಿ ಚೆನ್ನಾಗಿ ತಡೆಯಿತು, ಇಲಿಯ ಹೊಟ್ಟೆಯೊಳಗೆ ಹೋಗಿ ಕೈಕೊಟ್ಟಿತು. ಅಷ್ಟರಲ್ಲಿ ಹೊರದೇಶದವರ ಗುಳಿಗೆ ಬಂದಾಗಿತ್ತು. ನನಗೆ ಉಳಿದದ್ದು ಡಾಕ್ಟರೇಟು ಮತ್ತು ಕಂಬಳಿ. ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಪ್ರೊಫೆಸರರ ಹೆಸರಿನ ಕೆಳಗೇ ಕಾಕಾನ ಹೆಸರು, ಕಂಬಳಿಯ ಉಪಾಯಕ್ಕೆ. ಅದನ್ನು ಅವನಿಗೆ ತೋರಿಸಿದಾಗ ಯಾಕೋ ತಲೆ ಕೆರೆದುಕೊಂಡು ಸುಮ್ಮನಾದ. ನಾಚಿಕೆ ಎಂದುಕೊಂಡೆ.

ಕಾಕಾ ಹೋಗಿ ಬಹಳ ವರ್ಷಗಳಾದವು. ಕಾಕಿ ಮಕ್ಕಳು ಮೊಮ್ಮಕ್ಕಳ ಗದ್ದಲದ ನಡುವೆ ಗಟ್ಟಿಮುಟ್ಟಾಗಿದ್ದಾಳೆ. ಕಂಬಳಿ ಬಿಸಿಲಿಗೆ ಹಾಕಿದವಳು ತಡೆಯಲಾರದೆ ಅವಳಿಗೆ ಫೋನು ಮಾಡಿ ಗುಳಿಗೆಯ ಸುದ್ದಿ ಹೇಳಿದೆ.

"ಅದೇ ಗುಳಿಗಿ ನಾನೂ ಎಂಟು ವರ್ಷದಿಂದ ನುಂಗ್ಲತ್ತೀನಿ," ಎಂದಳು. "ನಮ್ಮ ಕುರಿದೇ ಅಲ್ಲೇನ ಅದು?"

ಅಲ್ಲ ಎಂದೆ. ಹೇಳುವುದಕ್ಕೆ ನಿಂತ ಮೇಲೆ ಎಲ್ಲವನ್ನೂ ಹೇಳಿಬಿಡೋಣ ಅನ್ನಿಸಿತು. "ಕಾಕಿ, ಆವತ್ತು ಮೊದಲನೇ ಸಲ ನೀ ಕಳಿಸಿದ್ಯಲ್ಲ..."

"ಅರಿಶಿಣ ಹಾಕಿ ಕುದಿಸಿದ್ದಾ? ನಿನ್ನ ಕೆಲಸಕ್ಕ ಬರಲಿಲ್ಲ. ಗೊತ್ತದ ಬಿಡು."

"ಯಾರು ಹೇಳಿದ್ರು?"

"ನಿನ್ನ ಕಾಕಾನ ಹೊಟ್ಟ್ಯಾಗ ಮಾತು ನಿಲ್ತದೇನ? ಬಸ್ ಇಳಿದು ಮನಿ ಬಾಗಿಲಿಗಿ ಬರೋದರಾಗ ಹೇಳಿ ಮುಗಿಸ್ಯಾನ. ನೀ ನನ್ನ ಮನಸ ನೋಯಬಾರದು ಅಂತ ಮುಚ್ಚಿಟ್ಟಿ. ನಿನ್ನ ಮನಸ ನೋಯಬಾರದು ಅಂತ ನಾನೂ ಸುಮ್ಮನಾದೆ." ಹಾಗೇ ಕೇಳಿದಳು, "ಕಂಬಳಿ ಇನ್ನೂ ಅದೇನ? ಮೂಲ್ಯಾಗ ಕೆಂಪು ದಾರ?"

"ಅದ."

"ನಾ ನೂತ ಉಣ್ಣಿ ಅದು. ಗಂಡಸರಿಗಿ ಏನ ತಿಳೀತದ? ಬರೀ ಕ್ಯಾನ ಹೊತ್ತುಕೊಂಡು ಹೊಂಟಿದ್ದ. ಹಿಂದ ಓಡಿ ಹೋಗಿ, ಬರ್ಫ ತುಂಬಿದ ಮ್ಯಾಲ ಇದರಾಗ ಸುತ್ತು ಅಂತ ಕೊಟ್ಟೀನಿ."

ಕಾಕಾ ತಲೆ ಕೆರೆದುಕೊಂಡದ್ದು ಯಾಕೆಂದು ಇಷ್ಟು ವರ್ಷಗಳ ಮೇಲೆ ಅರ್ಥವಾಯಿತು. ಎದ್ದು ಕಪಾಟಿನಿಂದ ಪ್ರಬಂಧ ತೆಗೆದೆ, ಕೃತಜ್ಞತೆಯ ಪುಟ ಬಿಡಿಸಿದೆ, ಪೆನ್ನು ಹುಡುಕಿದೆ. ಕಾಕಿಗೆ ಹೀಗೆ ಹೀಗೆ, ನಿನ್ನ ಹೆಸರು ಬರೆಯುತ್ತಿದ್ದೇನೆ ಎಂದೆ.

"ಬರಿಯವ್ವ, ಬೀರಮ್ಮ ಅಂತ ಬರಿ," ಎಂದಳು. "ಅರಿಶಿಣದ್ದೂ ಬರಿ."