ಮರದ ಬುಡ ಗುಡಿಸಿದವರದು ಬೀಜ

ಮೊಮ್ಮಗ ಹುಟ್ಟಿದ ಖುಷಿಯಲ್ಲಿ ನಾನು ಒಂದು ತಿಂಗಳು ಯಾರಿಗೂ ಬೈಯಲಿಲ್ಲ. ನನ್ನನ್ನು ಬಲ್ಲವರು ಇದನ್ನು ನಂಬುವುದಿಲ್ಲ. ಮಂಗಳೂರಿನ ಗೇರುಬೀಜದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಬೀಜ ಒಡೆದವಳು ನಾನು. ಮೆಷಿನುಗಳ ಗಲಾಟೆಯ ಮೇಲೆ ಮಾತಾಡಿ ಮಾತಾಡಿ, ನಾನು ಪ್ರೀತಿಯಿಂದ ಕರೆದರೂ ಬೈದ ಹಾಗೆಯೇ ಕೇಳುತ್ತದೆ. ಆದರೆ ಮಸ್ಕತ್ತಿನ ರೂವಿಯ ಈ ಮೂರನೇ ಮಹಡಿಯ ಮನೆಯಲ್ಲಿ ಬೆಳಿಗ್ಗೆ ಎದ್ದರೆ ಮಗುವಿನ ಮುಖ. ಆಕಳಿಸಿದರೆ ಬಾಯಿ ಒಂದು ಕಡಲೆಕಾಳಿನಷ್ಟು. ಎರಡೂ ಕಾಲು ನೀಡಿ, ಅದರ ಮೇಲೆ ಮಲಗಿಸಿ, ಎಣ್ಣೆ ತಿಕ್ಕಿ ನೀರು ಹೊಯ್ಯುವಾಗ ಅವನು ಅಳುವುದಿಲ್ಲ. ಹುಬ್ಬು ಗಂಟಿಕ್ಕಿ ದೊಡ್ಡ ಸಾಹುಕಾರನ ಹಾಗೆ ಚಾವಣಿ ನೋಡುತ್ತಾನೆ. ಇಂಥದ್ದನ್ನು ಕಾಲ ಮೇಲೆ ಇಟ್ಟುಕೊಂಡು ಯಾರಿಗೆ ಬೈಯುವುದು?

ಆಮೇಲೆ ಬೈದೆ. ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯಲು ಕೂತದ್ದು. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ತಪ್ಪಿದ್ದರೆ ತಿದ್ದಿಕೊಂಡು ಓದಿ.

ಮಗ ಇಲ್ಲಿ ಒಂದು ಎ.ಸಿ. ಕಂಪನಿಯಲ್ಲಿ ಸೂಪರ್‌ವೈಸರ್. ಸೊಸೆಯೂ ಆಫೀಸಿಗೆ ಹೋಗುವವಳು, ಮೈಸೂರಿನ ಕಡೆಯವಳು. ಅವಳಿಗೆ ತುಳು ಬಾರದು, ಹಾಗಾಗಿ ಮನೆಯಲ್ಲಿ ಕನ್ನಡ. ದೊಡ್ಡ ಮೊಮ್ಮಗಳಿಗೆ ಎಂಟು ವರ್ಷ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಮತ್ತೆ ಮನೆಗೆಲಸಕ್ಕೆ ಒಬ್ಬ ಹೆಂಗಸು ಇದ್ದಳು. ಆಫ್ರಿಕಾದ ಟಾಂಜಾನಿಯಾದವಳು, ಆ ದೇಶದ ದಕ್ಷಿಣದ ತುದಿಯವಳು. ಮಗನ ಹೆಸರಿನಲ್ಲೇ ಅವಳ ವೀಸಾ. ಗಂಡ ತೀರಿಕೊಂಡಿದ್ದ, ಊರಲ್ಲಿ ಹದಿನಾಲ್ಕರ ಮಗಳು. ಎರಡು ವರ್ಷದ ಕೆಲಸದ ಕರಾರು ಮುಗಿಯುತ್ತ ಬಂದಿತ್ತು. ಬಾಣಂತನ ಒಂದು ಮುಗಿಸಿ ಕೊಡು, ನಲವತ್ತು ದಿನ ಆದ ಕೂಡಲೇ ಟಿಕೆಟ್ ಎಂದು ಮಗ ಹೇಳಿದ್ದ.

ಅವಳೂ ನಾನೂ ಮಾತಾಡುತ್ತಿದ್ದದ್ದು ಹಿಂದಿಯಲ್ಲಿ. ನನ್ನ ಹಿಂದಿ ಟಿ.ವಿ. ಧಾರಾವಾಹಿಯದ್ದು, ಅವಳದ್ದು ರೂವಿಯ ಅಂಗಡಿಗಳದ್ದು. ಹಿಂದಿಯವರು ಕೇಳಿದ್ದರೆ ನಮ್ಮಿಬ್ಬರನ್ನೂ ಬಡಿಯುತ್ತಿದ್ದರು. ನಮಗೆ ಮಾತ್ರ ಎಲ್ಲ ಅರ್ಥವಾಗುತ್ತಿತ್ತು.

ನಾನು ಬಂದ ವಾರವೇ, ಊರಿನಿಂದ ತಂದ ಗೇರುಬೀಜವನ್ನು ಬಾಣಂತಿಯ ಲೇಹಕ್ಕೆಂದು ತಟ್ಟೆಗೆ ಸುರಿದೆ. ಅವಳು ಒಂದನ್ನು ಎತ್ತಿ, ಎರಡು ಹೋಳು ಮಾಡಿ, ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ನನ್ನ ಬಲಗೈ ಹಿಡಿದು ಬೆರಳ ತುದಿಗಳನ್ನು ಒಂದೊಂದಾಗಿ ಮುಟ್ಟಿದಳು. ಬೀಜದ ಸಿಪ್ಪೆಯ ಎಣ್ಣೆ ಚರ್ಮವನ್ನು ಸುಡುತ್ತದೆ. ಎಷ್ಟು ಬೂದಿ ಹಚ್ಚಿಕೊಂಡು ಕೂತರೂ ನಮ್ಮ ಬೆರಳು ಕಪ್ಪಾಗಿ, ಗೆರೆ ಅಳಿಸಿಹೋಗುತ್ತದೆ. ಇಲ್ಲಿ ವಿಮಾನ ಇಳಿದಾಗ ಮೆಷಿನು ನನ್ನ ಬೆರಳ ಗುರುತು ಹಿಡಿಯಲಿಲ್ಲವೆಂದು ನಾಲ್ಕು ಸಲ ಒತ್ತಿಸಿದ್ದರು.

"ಅಮ್ಮ, ನೀವು ಬೀಜದವರಾ?" ಎಂದು ಕೇಳಿದಳು. ನನ್ನನ್ನು ಅಮ್ಮ ಎನ್ನುವುದನ್ನು ಮಗನ ಬಾಯಿಂದ ಕಲಿತಿದ್ದಳು.

"ಹೌದು. ನೀನು?"

"ನಾನೂ ಬೀಜದವಳೇ."

ಅವಳಿಗೆ ಎಂಬತ್ತು ಗೇರುಮರ ಇತ್ತು. ಅವಳ ತಾಯಿ ನೆಟ್ಟದ್ದು. ಆ ಜಿಲ್ಲೆಯಿಡೀ ಗೇರು, ಗೇರು ಬಿಟ್ಟರೆ ಎಳ್ಳು ಮತ್ತು ಮರಗೆಣಸು. ಮಗುವಿನ ಒಣಗಿದ ಬಟ್ಟೆಗಳನ್ನು ಮಡಚುತ್ತ ಅವಳು ನನಗೆ ಅವಳ ಊರು ತೋರಿಸಿದಳು. ಮಡಚಿಟ್ಟ ಬಟ್ಟೆಯ ರಾಶಿ ಎತ್ತರದ ಬಯಲು, ಮೇಲೆಲ್ಲ ಕೆಂಪು ಮರಳು ಮಣ್ಣು, ಅಲ್ಲಿ ಊರುಗಳು. ಒಂದು ಒದ್ದೆ ಬಟ್ಟೆಯನ್ನು ಉದ್ದಕ್ಕೆ ಹಿಂಡಿ ದಕ್ಷಿಣಕ್ಕೆ ಇಟ್ಟಳು, ಅದು ಹೊಳೆ. ಹೊಳೆ ದಾಟಿದರೆ ಬೇರೆ ದೇಶ. ಪೂರ್ವಕ್ಕೆ, ನಾಮಕರಣಕ್ಕೆಂದು ತಂದಿಟ್ಟ ತೊಟ್ಟಿಲಿನ ಹತ್ತಿರ, ಬಂದರು.

"ಮನೆ ಮೇಲೆ, ನೀರು ಕೆಳಗೆ ಕಣಿವೆಯಲ್ಲಿ," ಎಂದಳು. "ಬೆಳಿಗ್ಗೆ ಇಳಿದು ಹತ್ತಿದರೆ ಎರಡು ಗಂಟೆ, ತಲೆಯ ಮೇಲೆ ಒಂದು ಬಕೆಟ್ಟು."

"ನೀರಿಲ್ಲದ ಕಡೆ ಯಾವ ಬುದ್ಧಿವಂತ ಮನೆ ಕಟ್ಟಿದ್ದು?"

ಅವಳು ನಗಲಿಲ್ಲ. ಅಜ್ಜಿಯ ಅಜ್ಜಿಯ ಕಾಲದಲ್ಲಿ ಮನುಷ್ಯರನ್ನು ಹಿಡಿದು ಹಡಗಿಗೆ ತುಂಬುವವರು ಬರುತ್ತಿದ್ದರಂತೆ. ಹೊಳೆಯ ಬದಿಯಲ್ಲಿದ್ದರೆ ಸುಲಭವಾಗಿ ಸಿಗುತ್ತಾರೆ. ಅದಕ್ಕೆ ಜನ ನೀರು ಬಿಟ್ಟು, ಮುಳ್ಳುಪೊದೆ ನುಗ್ಗಿ ಮೇಲಕ್ಕೆ ಹೋದದ್ದು. ಹಿಡಿಯುವವರು ಹೋಗಿ ಎಷ್ಟೋ ಕಾಲವಾಯಿತು, ಜನ ಮಾತ್ರ ಇಳಿಯಲೇ ಇಲ್ಲ.

ನಮ್ಮ ಕಾರ್ಖಾನೆಗೆ ಬರುತ್ತಿದ್ದದ್ದು ಅರ್ಧಕ್ಕರ್ಧ ಆಫ್ರಿಕಾದ ಬೀಜ. ಗೋಣಿ ಬಿಚ್ಚಿದರೆ ಬೀಜದ ಜೊತೆ ಕಲ್ಲು, ಕೆಂಪು ಮರಳು. ತೂಕ ಕಡಿಮೆ ಬಂದರೆ ನಮ್ಮ ಕೂಲಿಗೇ ಹೊಡೆತ. ನಾವು ನಲವತ್ತು ಹೆಂಗಸರು ಸಾಲಾಗಿ ಕೂತು "ಆ ಕಳ್ಳ ಆಫ್ರಿಕಾದವರು" ಎಂದು ಶಾಪ ಹಾಕುತ್ತಿದ್ದೆವು. ಮೂವತ್ತು ವರ್ಷ ಹಾಕಿದ್ದೇನೆ. ನಾನದನ್ನು ಅವಳಿಗೆ ಹೇಳಿಯೂ ಬಿಟ್ಟೆ, ಬಾಯಿ ನಿಲ್ಲಬೇಕಲ್ಲ.

"ಕಲ್ಲು ನಾವು ಹಾಕುವುದಲ್ಲ," ಎಂದಳು. "ನಾವು ಕಲ್ಲು ಹಾಕಿದರೆ ಸೊಸೈಟಿಯವನು ಗೋಣಿಯನ್ನೇ ವಾಪಸ್ಸು ಹೊರಿಸುತ್ತಾನೆ. ಹರಾಜು ಆಗಿ ಲಾರಿ ಹತ್ತಿದ ಮೇಲೆ ಏನಾಗುತ್ತದೋ. ನಾವು ಅಲ್ಲಿ ಕೂತು ನಿಮ್ಮವರಿಗೆ ಶಾಪ ಹಾಕುತ್ತೇವೆ, ತಕ್ಕಡಿಯಲ್ಲಿ ಮೋಸ ಮಾಡುವ ಇಂಡಿಯಾದವರು ಅಂತ."

ಇಬ್ಬರೂ ನಕ್ಕೆವು. ಆದರೆ ನೋಡಿ, ಸಮುದ್ರದ ಆಚೆಗೊಬ್ಬಳು, ಈಚೆಗೊಬ್ಬಳು, ಇಬ್ಬರ ಬೆರಳೂ ಸುಟ್ಟದ್ದು; ನಡುವೆ ಕೂತು ಕಲ್ಲು ತುಂಬಿದವನಿಗೆ ಒಂದು ಶಾಪವೂ ತಾಗಲಿಲ್ಲ.

ಅವಳ ಊರಿನಲ್ಲಿ ಒಂದು ಕಟ್ಟಳೆ. ಗೇರುಬೀಜವನ್ನು ಅವರು ಕೊಯ್ಯುವುದಿಲ್ಲ, ತಾನೇ ಉದುರಿದ್ದನ್ನು ಹೆಕ್ಕುವುದು. ಅದಕ್ಕೆ ಮುಂಚೆ ಮರದ ಬುಡದ ಹುಲ್ಲು ಕೆತ್ತಿ, ತರಗೆಲೆ ಗುಡಿಸಿ, ನೆಲವನ್ನು ಅಂಗಳದ ಹಾಗೆ ಮಾಡಬೇಕು. ಯಾರು ಬುಡ ಗುಡಿಸಿದರೋ ಬೀಜ ಅವರದು. ಒಂದು ವರ್ಷ ಬೇರೆಯವರು ಗುಡಿಸಿದರೂ ಮರವೇ ಅವರದೆಂದು ಊರವರು ಲೆಕ್ಕ ಹಿಡಿಯುತ್ತಾರೆ. ಹೋದ ವರ್ಷ ಅವಳ ತಾಯಿ ಗುಡಿಸಿದ್ದಳು. ಈ ವರ್ಷ ತಾಯಿಗೆ ಏಳಲಾಗುವುದಿಲ್ಲ. ಮಗಳು ಒಬ್ಬಳೇ, ಶಾಲೆಗೆ ಹೋಗುವವಳು. ಗಂಡನ ತಮ್ಮ ಪೊರಕೆ ಹಿಡಿದು ಕಾದು ನಿಂತಿದ್ದ.

ಪ್ರತಿ ಶುಕ್ರವಾರ ಮಗಳು ಫೋನ್ ಮಾಡುತ್ತಿದ್ದಳು. ಮೊದಲ ಶುಕ್ರವಾರ, ಚಿಕ್ಕಪ್ಪ ಆರು ಮರದ ಬುಡ ಗುಡಿಸಿದ್ದಾನೆ. ಮುಂದಿನ ಶುಕ್ರವಾರ ಹದಿನೇಳು. ಅವಳು ಫೋನಿಟ್ಟು ಬಂದು ಬಾಣಂತಿಗೆ ಬಿಸಿನೀರು ಹೊಯ್ಯುವಾಗ ಚೊಂಬು ಹಿಡಿದ ಕೈ ಬಿಗಿಯಾಗಿರುತ್ತಿತ್ತು. "ಇನ್ನು ಹದಿನೈದೇ ದಿನ, ನಲವತ್ತು ಆಯಿತು, ಖಲಾಸ್," ಎಂದು ನಾನು ಬೆನ್ನು ತಟ್ಟುತ್ತಿದ್ದೆ.

ಇನ್ನು ನನ್ನ ತಪ್ಪನ್ನು ಹೇಳುತ್ತೇನೆ. ಒಂದು ದಿನ ಮಗ ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿ ಕಾಗದ ಕೊಟ್ಟು, "ಅಮ್ಮ, ಅವಳ ಹತ್ರ ಇದಕ್ಕೊಂದು ಸೈನ್ ಹಾಕಿಸಿ ಇಡಿ. ಅವಳ ಟಿಕೆಟಿನ ವಿಷಯದ್ದು," ಎಂದ. ನನಗೋ ಸಂತೋಷ. ಪಾಯಸದ ಲೋಟದ ಜೊತೆ ಕಾಗದ ಕೊಟ್ಟೆ. ಅವಳು ನನ್ನ ಮುಖ ನೋಡಿದಳು, ಕಾಗದ ನೋಡಲಿಲ್ಲ. ಸೈನ್ ಹಾಕಿದಳು. ಕಾರ್ಖಾನೆಯಲ್ಲಿ ಲೆಕ್ಕ ಬರೆಯುವ ರೈಟರು ತಂದ ಕಾಗದಕ್ಕೆಲ್ಲ ನಾವು ಹೀಗೆಯೇ ಸೈನ್ ಹಾಕಿದ್ದು. ಹಾಕು ಎಂದರೆ ಹಾಕುವುದು. ಒಡೆದ ಬೀಜದ ದರ ಇಳಿಸಿದ್ದಕ್ಕೂ ನಾವೇ ಒಪ್ಪಿ ಸೈನ್ ಹಾಕಿದ್ದೆವು ಎಂದು ಗೊತ್ತಾದದ್ದು ವರ್ಷ ಕಳೆದ ಮೇಲೆ. ಅಷ್ಟು ಕಲಿತೂ ಕಲಿಯದ ಕತ್ತೆ ನಾನು.

ಸಂಜೆ ದೊಡ್ಡ ಮೊಮ್ಮಗಳು ಶಾಲೆಯಿಂದ ಬಂದಳು. ಊಟದ ಮೇಜಿನ ಮೇಲಿದ್ದ ಆ ಕಾಗದವನ್ನು ತನ್ನ ಪಾಠದ ಹಾಗೆ ಗಟ್ಟಿಯಾಗಿ ಓದತೊಡಗಿದಳು. ಅದರಲ್ಲಿ ಟಿಕೆಟ್ ಎಂಬ ಶಬ್ದ ಬರಲಿಲ್ಲ.

"ಎಂತ ಉಂಟು ಮಗಾ ಅದರಲ್ಲಿ?"

"ರಿನ್ಯೂವಲ್, ಅಜ್ಜಿ. ಟೂ ಇಯರ್ಸ್."

"ಕನ್ನಡದಲ್ಲಿ ಹೇಳು."

"ಆಂಟಿ ಇನ್ನೂ ಎರಡು ವರ್ಷ ಇಲ್ಲೇ ಇರ್ತಾರೆ! ಯೇ!" ಎಂದು ಕುಣಿದಳು.

ಮಗು ಒಳಗೆ ಅತ್ತಿತು. ನಾನು ಏಳಲಿಲ್ಲ. ಅವನು ಹುಟ್ಟಿದ ಮೇಲೆ ಅವನು ಅತ್ತಾಗ ನಾನು ಏಳದ್ದು ಅದೊಂದೇ ಸಲ.

ಅವಳಿಗೆ ನಾನೇ ಹೇಳಿದೆ. ಬೈಯುತ್ತಾಳೆ ಎಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು. ಅವಳು ಪಾತ್ರೆ ತೊಳೆಯುವುದನ್ನು ನಿಲ್ಲಿಸಲಿಲ್ಲ. "ಇವತ್ತೂ ಫೋನ್ ಬಂದಿತ್ತು ಅಮ್ಮ, ಮೂವತ್ತೊಂದು ಮರ. ತೋಟದ ನಡುವಿನ ಹುತ್ತದ ತನಕ ಬಂದಿದ್ದಾನಂತೆ," ಎಂದಳು ಅಷ್ಟೇ.

ಶುಕ್ರವಾರ ರಜೆ, ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತರು. ನಾನು ಮೀನುಸಾರಿನ ಸೌಟು ಕೈಯಲ್ಲಿ ಹಿಡಿದೇ ಕೇಳಿದೆ.

"ಅದು ಟಿಕೆಟಿನ ಕಾಗದವಾ?"

ಮಗ ತಲೆ ಎತ್ತಲಿಲ್ಲ. "ಅಮ್ಮ, ನಿಮಗೆ ಇಲ್ಲಿನ ರೂಲ್ಸ್ ಗೊತ್ತಿಲ್ಲ. ಹೊಸಬರನ್ನು ತರಿಸ್ಲಿಕ್ಕೆ ನಾಲ್ಕು ತಿಂಗಳು ಬೇಕು. ಪಾಪುವನ್ನು ಯಾರು ನೋಡುವುದು?"

"ಅತ್ತೆ, ಮುಂದಿನ ತಿಂಗಳು ನಂಗೆ ಆಫೀಸ್ ಶುರು ಆಗುತ್ತಲ್ವಾ," ಎಂದಳು ಸೊಸೆ. ಅವಳ ಕಣ್ಣಲ್ಲಿ ನೀರಿತ್ತು. ಬಾಣಂತಿ, ಅವಳ ಮೇಲೆ ನನಗೆ ಸಿಟ್ಟಿಲ್ಲ.

"ಸಂಬಳ ಜಾಸ್ತಿ ಮಾಡ್ತೇನೆ ಅಮ್ಮ," ಎಂದ ಮಗ. "ಅವಳಿಗೂ ಒಳ್ಳೆಯದೇ ಅಲ್ವಾ? ಅಲ್ಲಿ ಹೋಗಿ ಎಂತ ಮಾಡ್ತಾಳೆ, ಕಾಡು ಗುಡಿಸುದಾ?"

ಅಲ್ಲಿಗೆ ನನ್ನ ತಿಂಗಳ ವ್ರತ ಮುರಿಯಿತು. ಕೆಳಗಿನ ಬಸ್ ಸ್ಟ್ಯಾಂಡಿಗೂ ಕೇಳಿಸಿರಬೇಕು.

"ಅವಳ ಪಾಸ್‌ಪೋರ್ಟ್ ಎಲ್ಲಿ ಉಂಟು?"

"ನನ್ನ ಕಪಾಟಿನಲ್ಲಿ. ಸೇಫ್ಟಿಗೆ."

"ನಿನ್ನ ಅಪ್ಪ ಸತ್ತಾಗ ನಿನ್ನ ಪಾಸ್‌ಪೋರ್ಟ್ ಎಲ್ಲಿತ್ತು ಮಗಾ?"

ಅವನು ತುತ್ತು ಕೆಳಗಿಟ್ಟ. ಹದಿನೈದು ವರ್ಷದ ಹಿಂದೆ ಅವನು ಇದೇ ಒಮಾನಿನ ಇಬ್ರಿ ಎಂಬ ಊರಿನಲ್ಲಿ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್. ವೀಸಾ ಕೊಟ್ಟ ಧಣಿ, ಇಲ್ಲಿನವರು ಕಫೀಲ್ ಅನ್ನುವವನು, ಪಾಸ್‌ಪೋರ್ಟ್ ಕೊಡಲಿಲ್ಲ, ಬದಲಿ ಜನ ಇಲ್ಲ ಎಂದ. ಇವನು ಮನೆ ಮುಟ್ಟುವಾಗ ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಊಟವೂ ಮುಗಿದು ಚಪ್ಪರ ಬಿಚ್ಚುತ್ತಿದ್ದರು. ಅಪ್ಪನ ಮುಖ ನೋಡಲಿಲ್ಲ ಎಂದು ಆ ಚಪ್ಪರದ ಕಂಬ ಹಿಡಿದು ಅತ್ತವನು ಇವನೇ. "ಅವನ ಮನೆ ಹಾಳಾಗ್ಲಿ" ಎಂದು ಶಾಪ ಹಾಕಿದವಳು ನಾನೇ. ಈಗ ಆ ಕಫೀಲ್ ನನ್ನ ಹೊಟ್ಟೆಯಲ್ಲೇ ಹುಟ್ಟಿದ್ದಾನೆ. ನೀರು ಬಿಟ್ಟು ಗುಡ್ಡ ಹತ್ತಿದವರ ಮಗಳನ್ನು ಮೂರನೇ ಮಹಡಿಯಲ್ಲಿ ಹಿಡಿದಿಟ್ಟಿದ್ದಾನೆ. ಹಿಡಿದುಕೊಟ್ಟವಳು ನಾನು, ಪಾಯಸದ ಲೋಟ ಕೊಟ್ಟು.

"ಅದು ಬೇರೆ, ಇದು ಬೇರೆ," ಎಂದ.

"ಬೇರೆಯಾ? ಹಾಗಾದರೆ ಕೇಳು. ಬಾಣಂತಿಯನ್ನು ಮೀಯಿಸಿದವಳನ್ನು ನಮ್ಮಲ್ಲಿ ನಲವತ್ತನೇ ದಿನ ಅಕ್ಕಿ, ತೆಂಗಿನಕಾಯಿ, ಸೀರೆ ಕೊಟ್ಟು ಕಳಿಸುವುದು. ಅವಳನ್ನು ಅಳಿಸಿ ಇಟ್ಟುಕೊಂಡ ಮನೆಯಲ್ಲಿ ನಾನು ಮಗುವನ್ನು ತೊಟ್ಟಿಲಿಗೆ ಹಾಕುವುದಿಲ್ಲ. ನಾಮಕರಣಕ್ಕೆ ಬರುವ ನಿನ್ನ ಗೆಸ್ಟುಗಳಿಗೆ ನೀನೇ ಹೇಳು, ಅಜ್ಜಿ ಕೋಣೆಯಲ್ಲಿ ಕೂತಿದ್ದಾಳೆ ಅಂತ. ಮಗುವನ್ನು ನೋಡುವವರು ಯಾರು ಅಂದೆ ಅಲ್ವಾ, ನಾನು ನೋಡ್ತೇನೆ. ನನ್ನ ವಾಪಸ್ಸು ಟಿಕೆಟ್ ಹರಿದು ಹಾಕು."

"ನಿಮ್ಮ ಮೊಣಕಾಲು—"

"ಮೊಣಕಾಲು ನನ್ನದು!"

ನಾಲ್ಕು ದಿನ ಮನೆಯಲ್ಲಿ ಮಾತಿಲ್ಲ. ಮಗುವಿಗೊಬ್ಬನಿಗೆ ಮಾತ್ರ ನಾನು ಎಲ್ಲ ಹೇಳುತ್ತಿದ್ದೆ. ಅವನು ಹುಬ್ಬು ಗಂಟಿಕ್ಕಿ ಕೇಳುತ್ತಿದ್ದ, ನನ್ನ ಪಕ್ಷ.

ನಾಮಕರಣದ ಬೆಳಿಗ್ಗೆ ನಾನು ಮೊರದಲ್ಲಿ ಕುಚ್ಚಲಕ್ಕಿ ಅಳೆದಿಟ್ಟೆ, ಮೇಲೆ ಕಾಯಿ, ವೀಳ್ಯದೆಲೆ, ನನ್ನ ಪೆಟ್ಟಿಗೆಯಲ್ಲಿದ್ದ ಹೊಸ ಸೀರೆ. ಇಟ್ಟು ಬಾಗಿಲಿಗೆ ಬೆನ್ನು ಕೊಟ್ಟು ಕೂತೆ. ಹೊರಗೆ ಜನ ಬರತೊಡಗಿದ್ದರು. ಸೊಸೆ ಒಳಗೆ ಬಂದಳು, ಸೀರೆಯ ಮೇಲೆ ಪಾಸ್‌ಪೋರ್ಟ್ ಇಟ್ಟು ಹೋದಳು. ಮಗ ಕೊಟ್ಟನೋ ಅವಳೇ ತೆಗೆದಳೋ ನಾನು ಕೇಳಲಿಲ್ಲ. ಆಮೇಲೆ ಮಗುವನ್ನು ತೊಟ್ಟಿಲಿಗೆ ಹಾಕಿದೆ. ಕಿವಿಯಲ್ಲಿ ಹೆಸರು ಹೇಳುವಾಗ ನನ್ನ ಕಣ್ಣೀರು ಅವನ ಕೆನ್ನೆಗೆ ಬಿದ್ದು ಅವನು ಮೂತಿ ತಿರುಗಿಸಿದ. ನನ್ನ ಬಂಗಾರ. ಅಷ್ಟು ಸಂತೋಷ, ಅಷ್ಟು ಸಿಟ್ಟು, ಎರಡೂ ಒಟ್ಟಿಗೆ ಎದೆಯಲ್ಲಿ ಹಿಡಿಸುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಸೈನ್ ಹಾಕಿದ ಕಾಗದ ರದ್ದು ಮಾಡಿಸಲು ಮತ್ತೆ ಒಂಬತ್ತು ದಿನ ಬೇಕಾಯಿತು. ಅಷ್ಟು ದಿನ ಅವಳ ಮೈದುನನ ಪೊರಕೆ ನಿಲ್ಲಲಿಲ್ಲ.

ಅವಳು ಹೋದ ಮರುವಾರ ಫೋನಿನಲ್ಲಿ ಅವಳ ವಿಡಿಯೋ ಕಾಲ್ ಬಂತು. ನಮ್ಮ ಕಾರ್ಖಾನೆಯ ಗೋಣಿಯಿಂದ ಸುರಿಯುತ್ತಿದ್ದ ಅದೇ ಕೆಂಪು ಮರಳು. ಗುಡಿಸಿದ ಗೆರೆಗಳು ಬಾಚಿದ ತಲೆಯ ಹಾಗೆ. ಮಗಳ ಕೈಯಲ್ಲೂ ಒಂದು ಪೊರಕೆ. "ಮಗುವನ್ನು ತೋರಿಸಿ ಅಮ್ಮ," ಎಂದಳು. ತೋರಿಸಿದೆ. "ದಪ್ಪ ಆಗಿದ್ದಾನೆ!" ಎಂದು ಕೂಗಿದಳು. ಹೌದು ಮತ್ತೆ, ಆಗದೆ?

ಎಂಬತ್ತರಲ್ಲಿ ನಲವತ್ತೆಂಟು ಅವಳ ಮೈದುನ ಗುಡಿಸಿಯಾಗಿತ್ತು. ಅವಳಿಗೆ ಸಿಕ್ಕಿದ್ದು ಮೂವತ್ತೆರಡು. ಪಂಚಾಯಿತಿಕೆಗೆ ಹಿರಿಯರನ್ನು ಕರೆದಿದ್ದಾಳಂತೆ, ಆದರೆ ಗುಡಿಸಿದ್ದು ಗುಡಿಸಿದ್ದೇ ಎನ್ನುತ್ತಾರಂತೆ. ಹೊತ್ತಿಗೆ ಸರಿಯಾಗಿ ಹೊರಟಿದ್ದರೆ ಹುತ್ತದ ಈಚೆಗಿನ ಇನ್ನೂ ಎಷ್ಟೋ ಮರ ಅವಳದ್ದೇ ಆಗುತ್ತಿತ್ತು.

ನಾನು ಇಲ್ಲಿಯೇ ಇದ್ದೇನೆ. ಮೊಣಕಾಲು ನೋಯುತ್ತದೆ, ಮಗು ಕಾಲ ಮೇಲೆ ಮಲಗಿದರೆ ನೆನಪಾಗುವುದಿಲ್ಲ. ಮಗನಿಗೆ ಬಡಿಸುತ್ತೇನೆ, ಮಾತಾಡುವುದಿಲ್ಲ. ನಿನ್ನೆ ಅವನು ನನ್ನ ಪಕ್ಕದಲ್ಲಿ ಬಂದು ಕೂತ. ಮಗುವಿನ ಪಾದ ಹಿಡಿದುಕೊಂಡ.

"ಅವಳಿಗೆ ಎಷ್ಟು ಮರ ಸಿಕ್ಕಿತಂತೆ ಅಮ್ಮ?"

ನಾನು ಫೋನನ್ನು ಅವನ ಮಡಿಲಿಗೆ ಹಾಕಿದೆ.

"ನಂಬರ್ ಅದರಲ್ಲಿ ಉಂಟು. ನೀನೇ ಕೇಳು."