ಕಂಪ್ಯೂಟರಿನ ತಲೆಯ ಮೇಲೆ ಇಟ್ಟ ಇಡ್ಲಿ ಹಿಟ್ಟು

ಆ ಕಂಪ್ಯೂಟರನ್ನು ಹಾಳು ಮಾಡಿದವಳು ನಾನು. ನಿತೇಶನಲ್ಲ. ಅವನು ಜೋಡಿಸಿಕೊಟ್ಟದ್ದರಲ್ಲಿ ಒಂದು ಸ್ಕ್ರೂ ಕೂಡ ತಪ್ಪಿರಲಿಲ್ಲ. ಅದು ನನಗೆ ಗೊತ್ತಿತ್ತು — ಮೊದಲಿನಿಂದಲ್ಲ, ಆದರೆ ಬಾಯಿ ಬಿಡಬೇಕಾದ ಹೊತ್ತಿಗೆ ಚೆನ್ನಾಗಿಯೇ ಗೊತ್ತಿತ್ತು. ಸುಮ್ಮನೆ ಕೂತಿದ್ದರೂ ಒಂದು ಮಾತು. ನಾನು ಸುಮ್ಮನೆ ಕೂರಲಿಲ್ಲ. ಮನೆಯಲ್ಲಿ ಮುಚ್ಚಿದ ಬಾಯಿಯನ್ನು ಹೊರಗೆ ತೆರೆದೆ — ಅದೂ ಎಲ್ಲಿ, ದೇವರ ಮುಂದೆ, ಭಜನೆಯಲ್ಲಿ.

ನಿತೇಶ ನನ್ನ ಸೊಸೆ ಶ್ರೀಲತಾಳ ತಮ್ಮ. ಮುಂಬಯಿಯ ಪಕ್ಕದ ಡೊಂಬಿವಲಿಯಲ್ಲಿ ಹುಟ್ಟಿ ಅಲ್ಲೇ ಬೆಳೆದವನು. ನಾವಿರುವುದು ಠಾಕುರ್ಲಿಯಲ್ಲಿ, ಒಂದು ಹಾಲ್, ಒಂದು ಒಳಕೋಣೆ, ಒಂದು ಅಡಿಗೆಮನೆ. ಒಳಕೋಣೆಯಲ್ಲಿ ಮಗ, ಸೊಸೆ, ಮೊಮ್ಮಗಳು ಪ್ರಣೀತಾ. ಹಾಲಿನಲ್ಲಿ ನನ್ನ ಮಂಚ. ಮಂಚದ ತಲೆಯ ಹತ್ತಿರ ಕಂಪ್ಯೂಟರು. ಪ್ರಣೀತಾ ಆಗ ನೆರೂಳಿನ ಕಾಲೇಜಿನಲ್ಲಿ ಆನಿಮೇಷನ್ ಕಲಿಯುತ್ತಿದ್ದಳು. ದಿನಾ ಠಾಣೆ ಸ್ಟೇಷನ್ನಿನಲ್ಲಿ ಇಳಿದು ಲೋಕಲ್ ಗಾಡಿ ಬದಲಿಸಿ ಹೋಗಿ ಬರುವುದು. ಆ ಓದಿಗೆ ದೊಡ್ಡ ಕಂಪ್ಯೂಟರು ಬೇಕಂತೆ. ನಿತೇಶ ಬಿಡಿಬಿಡಿಯಾಗಿ ಎಲ್ಲ ತಂದು, ನಮ್ಮ ಹಾಲಿನ ನೆಲದ ಮೇಲೆ ಪೇಪರು ಹಾಸಿ ಕೂತು, ಸಂಜೆಯೊಳಗೆ ಜೋಡಿಸಿದ. ಕೆಲಸ ಮಾಡುವಾಗ ಅವನ ನಾಲಿಗೆಯ ತುದಿ ಹೊರಗೆ ಬರುತ್ತಿತ್ತು. ಅದನ್ನು ನೋಡಿ ನಾನು ನಕ್ಕಿದ್ದೆ. ಡೊಂಬಿವಲಿ ಸ್ಟೇಷನ್ನಿನ ಹತ್ತಿರ ಇದೇ ಕೆಲಸದ ಒಂದು ಅಂಗಡಿ ಹಾಕಬೇಕು ಎಂದು ಅವನಿಗೆ ಬಹಳ ಆಸೆ ಇತ್ತು.

ಹೋಗುವ ಮುಂಚೆ ಪ್ರಣೀತಾ ಕೈಯಲ್ಲಿ ನನಗೆ ಹೇಳಿಸಿದ. ಅವಳು ಕಂಪ್ಯೂಟರಿನ ಡಬ್ಬಿಯ ಮೇಲಿನ ಜಾಲರಿ ತೋರಿಸಿ ಹೇಳಿದಳು: "ಅಜ್ಜಿ, ಇದರ ಮೇಲೆ ಏನೂ ಇಡ್ಬೇಡ. ನಿನ್ನ ಕನ್ನಡಕ ಕೂಡ ಇಡ್ಬೇಡ."

"ನಾನ್ಯಾಕೆ ಇಡ್ಲಿ ಮಾರಾಯ್ತಿ?" ಎಂದೆ.

ಇಟ್ಟೆ. ಮೊದಲು ಇಟ್ಟದ್ದು ತೆಂಗಿನೆಣ್ಣೆಯ ಬಾಟ್ಲಿ. ಡಿಸೆಂಬರಿನಲ್ಲಿ ಇಲ್ಲಿಯೂ ಎಣ್ಣೆ ಗಟ್ಟಿಯಾಗುತ್ತದೆ, ಮೊಣಕಾಲಿಗೆ ಹಚ್ಚಲು ಕಡ್ಡಿ ಹಾಕಿ ತೆಗೆಯಬೇಕು. ಕಂಪ್ಯೂಟರು ನಡೆಯುತ್ತಿದ್ದಾಗ ಆ ಜಾಲರಿಯಿಂದ ಬೆಚ್ಚನೆ ಗಾಳಿ ಬರುವುದು ಮಂಚದ ಮೇಲಿದ್ದ ನನ್ನ ಕೈಗೆ ತಾಗಿತು. ಬಾಟ್ಲಿ ಇಟ್ಟೆ, ಸ್ವಲ್ಪ ಹೊತ್ತಿಗೆ ಎಣ್ಣೆ ನೀರಾಯಿತು. ಆಗ ತಲೆಗೆ ಹೊಳೆಯಿತು — ಎಣ್ಣೆ ಕರಗುತ್ತದೆ ಎಂದರೆ, ಹಿಟ್ಟು?

ನನ್ನ ಗಂಡ ನೌಪಾಡಾದ ಒಂದು ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದರು. ಅಲ್ಲಿ ಚಳಿಗಾಲದಲ್ಲಿ ಹಿಟ್ಟಿನ ಪಾತ್ರೆಗಳನ್ನು ದೊಡ್ಡ ಒಲೆಯ ಪಕ್ಕದಲ್ಲಿಡುತ್ತಿದ್ದರು. ನನ್ನ ಗ್ಯಾಸಿನ ಕಟ್ಟೆಗೆ ಆ ಭಾಗ್ಯವಿಲ್ಲ. ಚಳಿ ಬಂತೆಂದರೆ ಹಿಟ್ಟು ಮಲಗಿಬಿಡುತ್ತಿತ್ತು, ಇಡ್ಲಿ ಕಾಯಿ ತುರಿಯುವ ಕೆರ್ಮಣೆಯ ಹಾಗೆ ಗಟ್ಟಿ. ಈಗ ಹೊಸ ಒಲೆ ನನ್ನ ತಲೆದಿಂಬಿನ ಪಕ್ಕದಲ್ಲೇ ಇತ್ತು. ಎಲ್ಲರೂ ಒಳಗೆ ಹೋಗಿ ದೀಪ ಆರಿದ ಮೇಲೆ ಪಾತ್ರೆಯನ್ನು ಜಾಲರಿಯ ಮೇಲಿಟ್ಟು, ಹಳೆಯ ಉಣ್ಣೆಯ ಶಾಲು ಸುತ್ತಿ, ಹಿಂದಿನ ತೂತುಗಳೂ ಮುಚ್ಚುವ ಹಾಗೆ ಇಳಿಬಿಡುತ್ತಿದ್ದೆ — ಬಿಸಿ ಸುಮ್ಮನೆ ಯಾಕೆ ಪೋಲಾಗಬೇಕು! ಮನೆಯಲ್ಲಿ ಮೊದಲು ಏಳುವವಳು ನಾನೇ. ಬೇರೆಯವರು ಕಣ್ಣು ಬಿಡುವಷ್ಟರಲ್ಲಿ ಪಾತ್ರೆ ಅಡಿಗೆಮನೆಯಲ್ಲಿ, ಶಾಲು ನನ್ನ ಮೈಮೇಲೆ.

ಒಂದು ವಿಷಯ ಬೇಗ ಕಲಿತೆ. ಪ್ರಣೀತಾ ಸುಮ್ಮನೆ ಏನೋ ಟೈಪ್ ಮಾಡಿದರೆ ಬಿಸಿ ಬರುವುದಿಲ್ಲ. ಮಾಡಿದ ಚಿತ್ರಗಳನ್ನೆಲ್ಲ ಸೇರಿಸಿ ಓಡುವ ಹಾಗೆ ಮಾಡಲು ಕಂಪ್ಯೂಟರಿಗೆ ಹೇಳಿ ಅವಳು ಮಲಗುವುದಿತ್ತು. ಅದಕ್ಕೆ ರೆಂಡರ್ ಎನ್ನುತ್ತಾರೆ. ಆ ಭಾರದ ಕೆಲಸ ಇದ್ದ ದಿನವೇ ನನ್ನ ಒಲೆ ಉರಿಯುವುದು. ಹಾಗಾಗಿ ಅಕ್ಕಿ ಉದ್ದು ನೆನೆಹಾಕುವ ಮುಂಚೆ ಕೇಳುತ್ತಿದ್ದೆ: "ಇವತ್ತು ರೆಂಡರ್ ಉಂಟಾ ಮಗಾ?" ಅವಳು ಸ್ನೇಹಿತೆಯರಿಗೆ ಫೋನಿನಲ್ಲಿ ಹೇಳಿದ್ದನ್ನು ಕೇಳಿದ್ದೇನೆ — ನನ್ನ ಅಜ್ಜಿಗೆ ನನ್ನ ಓದಿನ ಮೇಲೆ ಎಷ್ಟು ಪ್ರೀತಿ ಗೊತ್ತಾ, ದಿನಾ ವಿಚಾರಿಸ್ತಾಳೆ ಎಂದು. ನನಗೆ ನಗು ತಡೆಯಲಾಗದೆ ಮುಖ ಗೋಡೆಗೆ ತಿರುಗಿಸಿದೆ.

ಆ ಚಳಿಯಲ್ಲಿ ನನ್ನ ಇಡ್ಲಿಗೆ ಹೆಸರು ಬಂತು. ನಮ್ಮ ಕಡೆಯ ಹೆಂಗಸರದ್ದು ಶನಿವಾರ ಸಂಜೆ ಭಜನೆ. ಒಮ್ಮೆ ಪ್ರಸಾದದ ಜೊತೆ ಇಡ್ಲಿ ಒಯ್ದೆ. ಯಶೋದಕ್ಕ — ನಮ್ಮಲ್ಲಿ ತಾಳ ಹಾಕುವವಳು, ಮಾತೂ ಹಾಗೇ, ಒಂದು ಪೆಟ್ಟೂ ಬಿಡದ ಹಾಗೆ — ಇಡ್ಲಿ ಒತ್ತಿ ನೋಡಿ ಕೇಳಿದಳು: "ಹೇಗೆ ಅತ್ತಿಗೆ? ನಮ್ಮದೆಲ್ಲ ಕಲ್ಲು. ಸೋಡಾ ಹಾಕಿದಿರಾ?"

"ಸೋಡಾ ನಿಮ್ಮ ಮನೇಲಿ ಹಾಕಿ. ಇದು ಕೈಗುಣ" ಎಂದೆ.

ಆ ಮೇಲೆ ಎಲ್ಲರ ಬಾಯಲ್ಲೂ ಅದೇ. ಅತ್ತಿಗೆಯ ಕೈಗುಣ, ಅತ್ತಿಗೆಯ ಕೈಗುಣ. ಮದುವೆಯಾಗಿ ಬಂದ ಮೇಲೆ ಯಾರೂ ನನ್ನನ್ನು ಯಾವುದಕ್ಕೂ ಹೊಗಳಿದವರಲ್ಲ. ಹಿಡಿಸಿತು. ಬಹಳ ಹಿಡಿಸಿತು.

ಇತ್ತ ಕಂಪ್ಯೂಟರು ಕುಂಟತೊಡಗಿತು. ಬೆಳಿಗ್ಗೆ ಎದ್ದರೆ ಮುಗಿದಿರಬೇಕಾದ ಕೆಲಸ ಅರ್ಧವೂ ಆಗಿರುತ್ತಿರಲಿಲ್ಲ. ಪ್ರಣೀತಾ ಅಳುಮುಖ ಮಾಡಿ ಗಾಡಿ ಹಿಡಿಯಲು ಓಡುವಳು. ಮಗ ಶ್ರೀಲತಾಳಿಗೆ ಹೇಳಿದ: "ನಿನ್ನ ತಮ್ಮ ಎಂಥದೋ ಡೂಪ್ಲಿಕೇಟ್ ಮಾಲ್ ಹಾಕಿದ್ದಾನೆ." ಅವಳ ಉತ್ತರವನ್ನು ಅಡಿಗೆಮನೆಯ ಪಾತ್ರೆಗಳು ಕೊಟ್ಟವು. ನಿತೇಶ ಭಾನುವಾರ ಬಂದ. ಭಾರದ ಕೆಲಸ ಹಾಕಿ ಅರ್ಧ ದಿನ ನೋಡಿದ. ಕಂಪ್ಯೂಟರು ಕುದುರೆಯ ಹಾಗೆ ಓಡಿತು. ಓಡದೆ ಏನು — ಪಾತ್ರೆ ಒಲೆಯ ಮೇಲೆ ಹೋಗಿತ್ತು, ಹಿಟ್ಟು ಅವನ ಹೊಟ್ಟೆಗೆ ಹೋಗಿತ್ತು! "ಮಾಮಿ, ಇಡ್ಲಿ ಅಂದ್ರೆ ಇದು. ಏಕದಮ್ ಹತ್ತಿ" ಎನ್ನುತ್ತಾ ಇನ್ನೂ ಎರಡು ಹಾಕಿಸಿಕೊಂಡ.

ಮುಂದಿನ ವಾರ ಮತ್ತೆ ದೂರು, ಮತ್ತೆ ಬಂದ. ಫ್ಯಾನ್ ಬದಲಾಯಿಸಿದ. ಏನೋ ಪೇಸ್ಟ್ ಒರೆಸಿ ಹೊಸದು ಹಚ್ಚಿದ. ಕರೆಂಟಿನ ಡಬ್ಬಿ ಬದಲಾಯಿಸಿದ. ಬೇಸಿಗೆಯಲ್ಲಿ ಹಿಟ್ಟು ತಾನೇ ಉಬ್ಬುತ್ತದೆ, ನನಗೆ ಕಂಪ್ಯೂಟರಿನ ಹಂಗು ಬೇಡ; ಆಗ ಅದಕ್ಕೆ ಯಾವ ಕಾಯಿಲೆಯೂ ಇರಲಿಲ್ಲ. ಎಲ್ಲರೂ ರಿಪೇರಿಯಾಯಿತು ಎಂದುಕೊಂಡರು. ಮತ್ತೆ ಚಳಿ ಬಂತು, ಮತ್ತೆ ಕುಂಟು. ಒಂದು ಭಾನುವಾರ ನಿತೇಶ ಬಂದು ತಲೆ ಕೆರೆದು ಕೂತ. "ಮಾಮಿ, ಗರ್ಮಿಯಲ್ಲಿ ಇದು ಥಂಡಾ, ಥಂಡಿಯಲ್ಲಿ ಗರಮ್. ಉಲ್ಟಾ ಕಂಪ್ಯೂಟರ್ ಮಾರಾಯ್ರೆ!" ನಾನೂ ನಕ್ಕೆ. ಆ ದಿನದವರೆಗೂ ನನಗೆ ನಿಜವಾಗಿ ಗೊತ್ತಿರಲಿಲ್ಲ — ಅಥವಾ ಗೊತ್ತುಮಾಡಿಕೊಳ್ಳಲು ಮನಸ್ಸಿರಲಿಲ್ಲ.

ಅದೇ ಭಾನುವಾರ ಅವನು ನನ್ನ ಕೈ ಹಿಡಿದು ಜಾಲರಿಯ ಮೇಲಿಟ್ಟ. ಒಳಗೆ ಪ್ರೊಸೆಸರ್ ಎಂಬ ಬಿಲ್ಲೆ ಇದೆಯಂತೆ, ಅದೇ ಇದರ ತಲೆ. ಭಾರದ ಕೆಲಸ ಮಾಡಿದರೆ ಬಿಸಿಯಾಗುತ್ತದೆ, ಆ ಬಿಸಿ ಇಲ್ಲಿಂದ ಹೊರಗೆ ಹೋಗಬೇಕು. "ಹೋಗ್ಲಿಕ್ಕೆ ಜಾಗ ಇಲ್ಲ ಅಂದ್ರೆ ಅದು ಸುಟ್ಟು ಹೋಗ್ಬಾರ್ದು ಅಂತ ತಾನೇ ನಿಧಾನ ಮಾಡ್ತದೆ ಮಾಮಿ. ಬಿಸಿಲಲ್ಲಿ ಸ್ಟೇಷನ್ನಿನ ಬ್ರಿಜ್ ಹತ್ತುವಾಗ ನೀವು ನಿಲ್ತೀರಲ್ಲ, ಹಾಗೆ. ನನಗೆ ಅನ್ನಿಸ್ತದೆ, ಎಲ್ಲೋ ಗಾಳಿ ಕಟ್ತಾ ಉಂಟು."

ಹೇಳುತ್ತಲೇ ಬಗ್ಗಿ ಜಾಲರಿಯ ಅಂಚಿನಿಂದ ಉಗುರಿನಲ್ಲಿ ಏನನ್ನೋ ಕೆರೆದ. ಬೆಳ್ಳಗಿನ ಒಣ ಚಕ್ಕೆ. ಒಮ್ಮೆ ಹಿಟ್ಟು ಉಕ್ಕಿ ಇಳಿದದ್ದು. ಬೆರಳ ತುದಿಯಲ್ಲಿ ಹಿಡಿದು ಕೇಳಿದ: "ಇದೇನು?"

ಅಲ್ಲೇ ಹೇಳಿದ್ದರೆ ಎಲ್ಲರೂ ಹೊಟ್ಟೆ ಹಿಡಿದು ನಗುತ್ತಿದ್ದರು, ಮುಗಿಯುತ್ತಿತ್ತು. ಅಷ್ಟು ಸಣ್ಣ ವಿಷಯ! ನಾನು ತಲೆಯೆತ್ತಿ ಛಾವಣಿ ನೋಡಿದೆ. ಮೇಲಿನ ಮನೆಯ ನೀರು ಸೋರಿ ನಮ್ಮ ಛಾವಣಿಯ ಬಣ್ಣ ಸದಾ ಉದುರುತ್ತಿತ್ತು.

"ಸುಣ್ಣ" ಎಂದೆ. "ಮೇಲಿಂದ ಬೀಳ್ತದೆ."

ಅವನು ನಂಬಿದ. ಚಕ್ಕೆಯನ್ನು ಪ್ಯಾಂಟಿಗೆ ಒರೆಸಿಕೊಂಡ.

ಒಂದು ವಾರ ಪಾತ್ರೆ ಇಡಲಿಲ್ಲ, ಅದೂ ನಿಜ. ಆ ಶನಿವಾರ ನನ್ನ ಇಡ್ಲಿ ಕಲ್ಲಾಯಿತು. ಯಶೋದಕ್ಕ ಒಂದನ್ನು ತಟ್ಟೆಗೆ ಬಡಿದು, "ಇವತ್ತು ತಾಳ ಬೇಡ, ಇದೇ ಸಾಕು" ಎಂದಳು. ಹೆಂಗಸರೆಲ್ಲ ನಕ್ಕರು. ಮುಂದಿನ ರೆಂಡರಿಗೆ ಪಾತ್ರೆ ಮತ್ತೆ ಜಾಲರಿಯ ಮೇಲೆ ಕೂತಿತು. ಗೊತ್ತಿದ್ದೇ ಇಟ್ಟೆ. ಮೊಮ್ಮಗಳ ಕೆಲಸ ನಿಲ್ಲುತ್ತದೆ, ಆ ಹುಡುಗನಿಗೆ ಬೈಗುಳ ಬೀಳುತ್ತದೆ ಎಂದು ಗೊತ್ತಿದ್ದು — ಇಡ್ಲಿಗಾಗಿ.

ಅದಾಗಿ ಸ್ವಲ್ಪ ದಿನಕ್ಕೆ, ಭಜನೆ ಶುರುವಾಗುವ ಮುಂಚೆ ಯಶೋದಕ್ಕ ನನ್ನ ಪಕ್ಕಕ್ಕೆ ಜರುಗಿದಳು. ಅವಳ ಮಗ ಡೊಂಬಿವಲಿಯಲ್ಲಿ ಕ್ಲಾಸು ತೆರೆಯುವವನಿದ್ದ; ಮಕ್ಕಳಿಗೆ ಕಲಿಸಲು ಒಂದು ಕೋಣೆ ತುಂಬ ಕಂಪ್ಯೂಟರು ಬೇಕಿತ್ತು. ಎಲ್ಲವನ್ನೂ ನಿತೇಶನಿಂದಲೇ ಮಾಡಿಸುವ ಮಾತಾಗಿತ್ತು. ಅಷ್ಟು ದೊಡ್ಡ ಕೆಲಸ ಸಿಕ್ಕರೆ ಅಂಗಡಿ ಹಾಕುತ್ತೇನೆಂದು ಅವನು ಜಾಗ ಕೂಡ ನೋಡಿಟ್ಟಿದ್ದ.

"ನಿಮ್ಮ ಸೊಸೆಯ ತಮ್ಮ ಕೆಲಸದಲ್ಲಿ ಹೇಗೆ ಅತ್ತಿಗೆ? ನಿಮ್ಮನೇದು ಅವನೇ ಮಾಡಿದ್ದಲ್ವಾ?"

ಒಳ್ಳೆಯವನು ಎಂದರೆ ಸಾಕಿತ್ತು. ಆದರೆ ನಮ್ಮ ಕಂಪ್ಯೂಟರು ಸರಿಯಿಲ್ಲವೆಂದು ಕಟ್ಟಡಕ್ಕೆಲ್ಲ ಗೊತ್ತಿತ್ತು. ಒಳ್ಳೆಯವನು ಎಂದರೆ ಮತ್ತೆ ಯಾಕೆ ನಿಮ್ಮದು ಕುಂಟುತ್ತದೆ ಎಂಬ ಪ್ರಶ್ನೆ ಬರುತ್ತಿತ್ತು. ಆ ಪ್ರಶ್ನೆ ಹೋಗಿ ಹೋಗಿ ನನ್ನ ಪಾತ್ರೆಗೇ —

"ಹುಡುಗ ಒಳ್ಳೆಯವನೇ" ಎಂದೆ. "ಆದ್ರೆ ಕೈಗುಣ ಇಲ್ಲ."

ಅಷ್ಟೇ. ಆಮೇಲೆ ಹಾಡಲು ಶುರು ಮಾಡಿದೆವು.

ಕೆಲಸ ಬೇರೆಯವನಿಗೆ ಹೋಯಿತು. ಅಂಗಡಿ ಆಗಲಿಲ್ಲ. ನಿತೇಶ ಮನೆಯಲ್ಲಿ ಕಂಪ್ಯೂಟರು ಜೋಡಿಸುವುದನ್ನೇ ಬಿಟ್ಟು ನವಿ ಮುಂಬಯಿಯ ಒಂದು ಆಫೀಸಿಗೆ ಸೇರಿದ. ಕೆಟ್ಟ ಬದುಕೇನಲ್ಲ: ಮದುವೆಯಾಗಿದೆ, ಮಗುವಿದೆ, ನಗುನಗುತ್ತಲೇ ಇದ್ದಾನೆ. ಪ್ರಣೀತಾ ಕೊನೆಯ ವರ್ಷದ ಕೆಲಸವನ್ನು ನೆರೂಳಿನಲ್ಲಿ ಸ್ನೇಹಿತೆಯ ಮನೆಯಲ್ಲಿ ಮುಗಿಸಿ ಪಾಸಾದಳು. ಕಂಪ್ಯೂಟರು ಹಳೆ ಸಾಮಾನು ಕೊಳ್ಳುವ ಭಂಗಾರಿನವನ ಗಾಡಿ ಹತ್ತಿತು. ನನ್ನ ಮೇಲೆ ಸಾಕ್ಷಿ ಹೇಳಲು ಯಾರೂ ಉಳಿಯಲಿಲ್ಲ. ನಾನೂ ಮರೆತಿದ್ದೆ, ಸುಳ್ಳೇಕೆ, ಚೆನ್ನಾಗಿ ನಿದ್ದೆ ಮಾಡುತ್ತಿದ್ದೆ.

ಮೊನ್ನೆ ಅವನ ಮಗುವಿನ ಹುಟ್ಟುಹಬ್ಬಕ್ಕೆ ಹೋಗಿದ್ದೆವು. ಯಾರದೋ ಮಗ ತನಗೊಂದು ಕಂಪ್ಯೂಟರು ಜೋಡಿಸಿಕೊಡಿ ಎಂದು ಕೇಳಿದ. ನಿತೇಶ ನಗುತ್ತಾ ಕೈ ಮುಗಿದ. "ನಾನು ಈಗ ಕೈ ಹಾಕೋದಿಲ್ಲ. ಅಕ್ಕನ ಮನೇದು ಒಂದು ಇತ್ತು, ಏನು ಮಾಡಿದ್ರೂ ಗೊತ್ತಾಗ್ಲಿಲ್ಲ. ಅದಾದ ಮೇಲೆ ಸ್ಕ್ರೂ ತಿರುಗಿಸುವಾಗೆಲ್ಲ ಅನ್ನಿಸ್ತದೆ — ನನ್ನ ಕೈಗುಣ ಸರಿ ಇಲ್ಲ."

ನನ್ನದೇ ಮಾತು. ಯಶೋದಕ್ಕನ ಮನೆಯಿಂದ ಅದು ಅವನ ಕಿವಿಗೆ ಹೋಗಿತ್ತು. ಯಾರು ಹೇಳಿದ್ದೆಂದು ಅವನಿಗೆ ಗೊತ್ತಿತ್ತೋ ಇಲ್ಲವೋ — ನನ್ನ ತಟ್ಟೆಗೆ ಅವನೇ ಕೇಕ್ ಹಾಕಿ ಹೋದ. ಅಂಗಡಿ ಹೋದದ್ದು ಒಂದು. ಇಷ್ಟು ವರ್ಷ ತನ್ನ ಕೈಯನ್ನೇ ಅವನು ನಂಬಲಿಲ್ಲವಲ್ಲ.

ಮನೆಗೆ ಬಂದು ಇದನ್ನು ಬರೆಯಲು ಕೂತೆ. ಊರಿನ ಶಾಲೆಯಲ್ಲಿ ನಾಲ್ಕನೇ ಕ್ಲಾಸು ಓದಿದ್ದು, ಅಕ್ಷರ ಮಾತ್ರ ದುಂಡಗೆ ಬರುತ್ತದೆ. ಇಲ್ಲಿಯವರೆಗೆ ಬರೆದು, ಎಲ್ಲ ಹೇಳಿದೆ ಎಂದು ಎದೆ ಹಗುರಾಗುವಷ್ಟರಲ್ಲಿ ನೆನಪಾಯಿತು: ನಿತೇಶ ಓದಿದ್ದು ಮರಾಠಿ ಶಾಲೆಯಲ್ಲಿ. ನಮ್ಮೊಡನೆ ತುಳು ಆಡುತ್ತಾನೆ, ಕನ್ನಡ ತಿಳಿಯುತ್ತದೆ — ಓದಲು ಬರುವುದಿಲ್ಲ! ಅವನಿಗೆ ಓದಲಾಗದ್ದನ್ನು ಬರೆದು ತಪ್ಪೊಪ್ಪಿಕೊಂಡೆ ಎನ್ನುತ್ತಿದ್ದೇನೆ. ಎಂಥ ಜಾಣತನ ನನ್ನದು.

ಪೆನ್ನು ಕೆಳಗಿಟ್ಟು ಫೋನು ಮಾಡಿದೆ. ಶ್ರೀಲತಾ ಎದುರಿಗೇ ಕೂತು ಬಟಾಣಿ ಬಿಡಿಸುತ್ತಿದ್ದಳು. ಅವಳಿಗೂ ಕೇಳಲಿ ಎಂದು ಸ್ಪೀಕರ್ ಒತ್ತಿದೆ. ಪಾತ್ರೆ, ಶಾಲು, ಸುಣ್ಣ — ಒಂದೂ ಬಿಡದೆ ಹೇಳಿದೆ.

"ಹಿಂದಿನ ತೂತೂ ಮುಚ್ತಿದ್ರಾ ಮಾಮಿ?"

"ಅದನ್ನೂ."

"ಇಡ್ಲಿ ಹಿಟ್ಟು?" ಎಂದವನು ನಗಲು ಶುರು ಮಾಡಿದ. ಕೇಳಿಲ್ಲಿ, ಇತ್ತ ಬಾ ಎಂದು ಹೆಂಡತಿಯನ್ನು ಮರಾಠಿಯಲ್ಲಿ ಕೂಗಿದ — "ಅಗ ಐಕ್, ಇಕಡೆ ಯೇ!" — ಮತ್ತೆ ನಕ್ಕ. "ನಾನು ಹೇಳ್ಲಿಲ್ವಾ, ಗಾಳಿ ಕಟ್ತಾ ಉಂಟು ಅಂತ? ಹೇಳಿದ್ದೆ! ಮಾಮಿ, ನನ್ನದು ಸರಿ ಇತ್ತು!" ನನಗೂ ನಗು ಬಂತು. ಶ್ರೀಲತಾ ನಗಲಿಲ್ಲ. ಬಟಾಣಿ ಬಿಡಿಸುವ ಅವಳ ಕೈ ನಿಂತಿತ್ತು.

"ಇನ್ನೊಂದುಂಟು" ಎಂದೆ. ಯಶೋದಕ್ಕನಿಗೆ ಹೇಳಿದ ಮಾತನ್ನೂ ಹೇಳಿದೆ.

ಅವನ ನಗು ನಿಂತಿತು. ಹಿಂದೆ ಮಗು ಏನೋ ಬಡಿಯುವ ಸದ್ದು ಕೇಳುತ್ತಿತ್ತು.

"ಅದು ನೀವಾ?"

"ನಾನೇ."

"ಅವರಿಗೆ ಈಗ ನಿಜ ಗೊತ್ತುಂಟಾ, ಮಾಮಿ?"

"ಇಲ್ಲ."

"ಹಾಂ" ಎಂದ. ಬೈಯಲಿಲ್ಲ. ಬಿಡಿ ಮಾಮಿ ಎಂದೂ ಹೇಳಲಿಲ್ಲ. ಮಗು ಅಳುತ್ತದೆ ಎಂದು ಫೋನಿಟ್ಟ.

ಶ್ರೀಲತಾ ಬಟಾಣಿಯ ತಟ್ಟೆ ಎತ್ತಿಕೊಂಡು ಎದ್ದಳು. "ಅತ್ತೆ, ನಿಮ್ಮ ಇಡ್ಲಿ ನನಗೆ ಯಾವತ್ತೂ ಅಷ್ಟು ರುಚಿ ಅನ್ನಿಸ್ಲಿಲ್ಲ" ಎಂದು ಹೇಳಿ ಒಳಗೆ ಹೋದಳು. ಹೇಳಲಿ. ಅವಳಿಗೆ ಅಷ್ಟೂ ಹಕ್ಕಿಲ್ಲವೇ?

ನಾಳೆ ಶನಿವಾರ. ಯಶೋದಕ್ಕ ಇರುತ್ತಾಳೆ, ಎಲ್ಲರೂ ಇರುತ್ತಾರೆ. ಮಂಗಳಾರತಿಗೆ ಮೊದಲೇ ಹೇಳುತ್ತೇನೆ. ಆರತಿಯಾದ ಮೇಲೆ ಎಲ್ಲರೂ ಪ್ರಸಾದಕ್ಕೆ ಏಳುತ್ತಾರೆ, ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.